ಕಾಸರಗೋಡಿಂದ ಮಾಳ ಘಾಟಿ, ಕುದುರೆಮುಖ ಕಾಡು, ಶೃಂಗೇರಿ, ಆಗುಂಬೆ ಇಳಿದು ವಾಪಸ್: ರೋಡ್ ಬೈಕಲ್ಲಿ (ತೆಳು ಟೈರಿನ ಸೈಕಲಲ್ಲಿ) ಹೋದವರು ಹೇಳಿ

ಕುಂಬ್ಳೆ ಸವಾರ:
ಎಲ್ಲರಿಗೂ ನಮಸ್ಕಾರ. ಮಳೆ ಪೂರ್ತಿ ಬಿಟ್ಟ ಮೇಲೆ, ನವೆಂಬರ್ ಕೊನೆಗೆ, ಒಂದು ದೊಡ್ಡ ರೈಡ್ ಹೋಗ್ಬೇಕು ಅಂತ ಮನಸ್ಸಲ್ಲಿ ಉಂಟು. ಕುಂಬ್ಳೆಯಿಂದ ಹೊರಟು ಮಂಗಳೂರು, ಮೂಡುಬಿದಿರೆ, ಕಾರ್ಕಳ, ಅಲ್ಲಿಂದ ಬಜಗೋಳಿ ಆಗಿ ಮಾಳ ಘಾಟಿ ಹತ್ತಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿಂದ ಎಸ್.ಕೆ. ಬಾರ್ಡರ್ (ಹಳೇ ಸೌತ್ ಕೆನರಾ ಗಡಿ), ಕೆರೆಕಟ್ಟೆ, ಶೃಂಗೇರಿ, ಮತ್ತೆ ಆಗುಂಬೆ ಇಳಿದು ಹೆಬ್ರಿ, ವರಂಗ, ಕಾರ್ಕಳ, ಅಲ್ಲಿಂದ ಊರು. ಎರಡು ದಿನಕ್ಕೆ ಮುಗಿಸ್ಲಿಕ್ಕೆ ಆಗ್ತದಾ, ಮೂರು ಬೇಕಾ? ಮಾಳದಿಂದ ಹತ್ತುವುದು ಒಳ್ಳೆದಾ, ಆಗುಂಬೆಯಿಂದ ಹತ್ತುವುದಾ? ಕಾಡಿನ ಗೇಟಲ್ಲಿ ಸೈಕಲ್ ಬಿಡ್ತಾರಾ?

ನನ್ನ ಬೈಕು ಮಾಮೂಲಿ ಅಲ್ಯೂಮಿನಿಯಂ ರೋಡ್ ಬೈಕ್, ಗೇರು ಮುಂದೆ 50-34 ಹಲ್ಲು, ಹಿಂದೆ 11-25 ಹಲ್ಲು, ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕು, 25 ಮಿಮೀ ಟೈರು. ಪೊಸಡಿಗುಂಪೆ ಕಡೆ ಹತ್ತಿ ಇಳಿದು ಅಭ್ಯಾಸ ಉಂಟು, ಆದ್ರೆ ಇಷ್ಟು ಉದ್ದದ ಘಾಟಿ ಹತ್ತಿಲ್ಲ.

ಬಾಯಾರು ಪೆಡಲ್:
ಒಳ್ಳೆ ರೂಟ್ ಹಾಕಿದ್ದೀರಿ. ಆದ್ರೆ ಒಂದು ಮಾತು ಮೊದಲೇ ಹೇಳ್ತೇನೆ, ಎಲ್ಲರೂ ಘಾಟಿ ಘಾಟಿ ಅಂತಾರೆ, ಈ ರೂಟಲ್ಲಿ ಕಾಲು ಖಾಲಿ ಮಾಡುವುದು ಘಾಟಿ ಅಲ್ಲ, ನಮ್ಮ ಕೆಳಗಿನ ರಸ್ತೆ. ಮ್ಯಾಪಲ್ಲಿ ನೋಡಿದ್ರೆ ಕುಂಬ್ಳೆಯಿಂದ ಕಾರ್ಕಳದ ತನಕ ಚಪ್ಪಟೆ ಕಾಣ್ತದೆ, ಸಮುದ್ರದ ಪಕ್ಕ ಅಲ್ವಾ ಅಂತ. ಹೆದ್ದಾರಿ ಬಿಟ್ಟು ಒಳಗೆ ಹೋದ ಕೂಡ್ಲೆ ಗೊತ್ತಾಗ್ತದೆ. ಒಂದು ಪದವು (ಮೇಲೆ ಮಟ್ಟಸ ಇರುವ ಗುಡ್ಡ) ಹತ್ತಬೇಕು, ಬೈಲಿಗೆ (ತಗ್ಗಿನ ಗದ್ದೆಗೆ) ಇಳಿಬೇಕು, ತೋಟ ದಾಟಿ ಒಂದು ಸಂಕ (ಸಣ್ಣ ಸೇತುವೆ), ಮತ್ತೆ ಇನ್ನೊಂದು ಪದವು. ಒಂದೊಂದು ಏರು ಅರ್ಧ ಕಿಲೋಮೀಟರೂ ಇಲ್ಲ, ಆದ್ರೆ ಕಡಿದು. ಎದ್ದು ನಿಂತು ತುಳಿದು ಹತ್ತಿಬಿಡುವ ಅಂತ ಆಸೆ ಆಗ್ತದೆ, ಹಾಗೆ ಹತ್ತತ್ತು ಕಡೆ ಎದ್ದು ತುಳಿದ್ರೆ ಮರುದಿನ ಮಾಳದಲ್ಲಿ ತೊಡೆಯಲ್ಲಿ ಎಂತದೂ ಉಳಿಯುದಿಲ್ಲ. ಅದರ ಮೇಲೆ ನಮ್ಮ ಕರಾವಳಿ ಸೆಕೆ. ನವೆಂಬರಲ್ಲೂ ಹತ್ತು ಗಂಟೆ ಕಳೆದ್ರೆ ಬೆವರು ಆರುವುದೇ ಇಲ್ಲ, ಗಾಳಿಯಲ್ಲೇ ನೀರು ತುಂಬಿರ್ತದೆ, ಬೆವರು ಆರದಿದ್ರೆ ಮೈ ತಣಿಯುವುದು ಹೇಗೆ?

ಅದಕ್ಕೆ ಎರಡು ದಿನ ಬೇಡ, ಮೂರು ಇಟ್ಕೊಳ್ಳಿ. ಮೊದಲ ದಿನ ಕಾರ್ಕಳ, ನೂರು ಚಿಲ್ಲರೆ ಕಿಮೀ, ಅಷ್ಟೇ ಸಾಕು. ಎರಡನೇ ದಿನ ಬೆಳಿಗ್ಗೆ ಬೆಳಕು ಹರಿಯುವಾಗ ಮಾಳ, ರಾತ್ರಿ ಶೃಂಗೇರಿ. ಮೂರನೇ ದಿನ ಆಗುಂಬೆ ಇಳಿದು ಊರು.

ಮುಳ್ಳೇರಿಯ ಮಳೆ:
ಪೆಡಲಣ್ಣ ಹೇಳಿದ್ದು ನೂರಕ್ಕೆ ನೂರು ಸತ್ಯ. ಹೆದ್ದಾರಿ ವಿಷಯ ನಾನು ಸೇರಿಸ್ತೇನೆ. ತಲಪಾಡಿ ಚೆಂಗಳ ಆರು ಲೇನ್ ಆದ ಮೇಲೆ ತುಂಬ ಜನ ಸೈಕಲ್‌ನವರು ಖುಷಿಯಲ್ಲಿ ಮೇನ್ ಲೇನಿಗೆ ಹತ್ತಿಸ್ತಾರೆ, ದಯವಿಟ್ಟು ಹತ್ತಿಸ್ಬೇಡಿ, ಅಲ್ಲಿ ಕಾರು ಲಾರಿ ಹೋಗುವ ಸ್ಪೀಡ್ ಬೇರೆ. ಸರ್ವೀಸ್ ರೋಡಲ್ಲಿ ಹೋದ್ರೆ ಎದುರಿಂದ ಆಟೋ, ಬೈಕು, ಬಸ್ಸು ಎಲ್ಲ ಬರ್ತದೆ, ಕಣ್ಣು ಬಿಟ್ಕೊಂಡೇ ಹೋಗ್ಬೇಕು.

ನಂಗೆ ಕೇಳಿದ್ರೆ ಮಂಗಳೂರು ಪೇಟೆಗೆ ಹೋಗುವ ಅಗತ್ಯವೇ ಇಲ್ಲ. ಹೊಸಂಗಡಿಯಿಂದ ಒಳಗೆ ತಿರುಗಿ ವರ್ಕಾಡಿ, ನಂದಾರಪದವು, ಮುಡಿಪು, ಬೋಳಿಯಾರು, ಮೆಲ್ಕಾರ್, ಬಿ.ಸಿ. ರೋಡ್, ಬಂಟ್ವಾಳ, ಸಿದ್ಧಕಟ್ಟೆ, ಮೂಡುಬಿದಿರೆ. ನಂದಾರಪದವು ಅಂದ್ರೆ ಕೇರಳದ ಮಲೆನಾಡ ಹೆದ್ದಾರಿ ಶುರುವಾಗುವ ಜಾಗ, ಅಲ್ಲಿಂದ ಪಾರಶ್ಶಾಲ ತನಕ ಆ ರಸ್ತೆ. ಚೇವಾರಿಂದ ನಂದಾರಪದವಿನ ತನಕದ ಭಾಗ ಒಳ್ಳೆದುಂಟು. ಬಾಯಾರು ಪೈವಳಿಕೆ ಕಡೆಯವರು ಹೆದ್ದಾರಿ ಮುಟ್ಟದೆ ಅದ್ರಲ್ಲೇ ಬಂದು ಸೇರಬಹುದು.

ಕುಂಬ್ಳೆ ಸವಾರ:
ಅಕ್ಕ, ಮೆಲ್ಕಾರ್ ರೂಟ್ ನನ್ನ ತಲೆಗೆ ಬಂದೇ ಇರಲಿಲ್ಲ. ಆದ್ರೆ ಪೆಡಲಣ್ಣ ಹೇಳಿದ ಪದವು ಬೈಲು ಅದ್ರಲ್ಲೇ ಜಾಸ್ತಿ ಅಲ್ವಾ?

ಮುಳ್ಳೇರಿಯ ಮಳೆ:
ಜಾಸ್ತಿಯೇ. ಆದ್ರೆ ಮರದ ನೆರಳುಂಟು, ಲಾರಿ ಕಮ್ಮಿ. ಮಂಗಳೂರಿಂದ ಮೂಡುಬಿದಿರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ರಲ್ಲಿ ಕುಲಶೇಖರದಿಂದ ಸಾಣೂರಿನ ತನಕ ಚತುಷ್ಪಥದ ಕೆಲಸ ಹಿಡಿದದ್ದು, ಕೆಲಸ ನಡೆಯುವ ಕಡೆ ಜಲ್ಲಿ, ಧೂಳು, ತಿರುಗಿಸಿ ಬಿಟ್ಟ ದಾರಿ. 25ರ ಟೈರಿಗೆ ಜಲ್ಲಿ ರಸ್ತೆ ಬೇಡವೇ ಬೇಡ. ನಾನು ಏರನ್ನೇ ಆರಿಸ್ತೇನೆ.

ಮಂಜೇಶ್ವರ ಮಾಸ್ಟ್ರು:
ನಾನು ರೇಸಿನವನಲ್ಲ, ನಿಧಾನಕ್ಕೆ ಹೋಗುವವನು. ಆದ್ರೆ ಈ ರೂಟಿನ ಊರುಗಳನ್ನು ಬರೇ ಬಾಟ್ಲಿಗೆ ನೀರು ತುಂಬಿಸುವ ಜಾಗ ಮಾಡ್ಬೇಡಿ ಅಂತ ಕೇಳ್ಕೊಳ್ತೇನೆ. ಹೊಸಂಗಡಿಗೆ ಬರುವಾಗ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಗಿಳಿವಿಂಡು ಉಂಟು, 1949ರಲ್ಲಿ ರಾಷ್ಟ್ರಕವಿ ಆದವರು ನಮ್ಮೂರಿನವರು. ಬೆಳಗ್ಗಿನ ಜಾವಕ್ಕೆ ಒಳಗೆ ಹೋಗ್ಲಿಕ್ಕೆ ಆಗ್ಲಿಕ್ಕಿಲ್ಲ, ವಾಪಸ್ ಬರುವಾಗ ಆದ್ರೂ ಒಂದು ಗಳಿಗೆ ನಿಲ್ಲಿ.

ಮೂಡುಬಿದಿರೆಯಲ್ಲಿ ಸಾವಿರ ಕಂಬದ ಬಸದಿ, 1430ರದ್ದು. ಒಳಗೆ ಹೋಗಿ ಕಂಬಗಳನ್ನು ಹತ್ತಿರದಿಂದ ನೋಡಿ, ಒಂದರ ಕೆತ್ತನೆಯ ಹಾಗೆ ಇನ್ನೊಂದಿಲ್ಲ. ಬಸದಿಯ ಮಾಡು, ಅಂದ್ರೆ ಸೂರು ನೋಡಿ, ನಮ್ಮ ಮನೆಗಳ ಹಾಗೇ ಇಳಿಜಾರು, ಈ ಕರಾವಳಿಯ ಮಳೆ ಗೊತ್ತಿದ್ದವರು ಕಟ್ಟಿದ್ದು. ಎರಡೇ ವರ್ಷ ಕಳೆದು, 1432ರಲ್ಲಿ, ಕಾರ್ಕಳದಲ್ಲಿ ವೀರಪಾಂಡ್ಯ ಭೈರರಸ 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದ. ಒಂದೇ ಕಲ್ಲು, ಅದನ್ನು ಆ ಗುಡ್ಡದ ಮೇಲೆ ಏರಿಸಿದ್ದು ಹೇಗೆ ಅಂತ ಯೋಚನೆ ಮಾಡ್ತಾ ಮೆಟ್ಲು ಹತ್ತಿದ್ರೆ ನಮ್ಮ ಸೈಕಲಿನ ಏರು ಏನೂ ಅಲ್ಲ ಅನ್ನಿಸ್ತದೆ. ಅದ್ರ ಎದುರಿಗೇ 1586ರ ಚತುರ್ಮುಖ ಬಸದಿ, ನಾಲ್ಕು ದಿಕ್ಕಿಗೂ ಬಾಗಿಲು. ಮೊದಲ ದಿನ ಕಾರ್ಕಳದಲ್ಲೇ ನಿಲ್ಲಿ ಅಂತ ಪೆಡಲ್ ಹೇಳಿದ್ದು ಕಾಲಿನ ಲೆಕ್ಕದಲ್ಲಿ, ನಾನು ಹೇಳುದು ಈ ಲೆಕ್ಕದಲ್ಲಿ. ಮಧ್ಯಾಹ್ನ ಮುಟ್ಟಿ ಸಂಜೆ ತನಕ ನೋಡ್ಲಿಕ್ಕೆ ಉಂಟು.

ಉಪ್ಪಳ ಬಿರುಸು:
ಮಾಸ್ಟ್ರೇ, ಬಂಟ್ವಾಳದಿಂದ ಸಿದ್ಧಕಟ್ಟೆ, ವೇಣೂರು, ನಾರಾವಿ ಆಗಿ ಸೀದಾ ಬಜಗೋಳಿ ಸೇರಬಹುದಲ್ಲ? ಕಾರ್ಕಳಕ್ಕೆ ಹೋಗ್ಲಿಕ್ಕೇ ಇಲ್ಲ. ಗೊಮ್ಮಟ ವೇಣೂರಲ್ಲೂ ಉಂಟು. ನಾನಾದ್ರೆ ಹಾಗೆ ಹೋಗಿ ಅದೇ ದಿನ ಘಾಟಿ ಹತ್ತಿ ಎರಡು ದಿನಕ್ಕೆ ಮುಗಿಸ್ತೇನೆ.

ಮಂಜೇಶ್ವರ ಮಾಸ್ಟ್ರು:
ವೇಣೂರಿನದ್ದು 1604ರಲ್ಲಿ ತಿಮ್ಮಣ್ಣ ಅಜಿಲ ಮಾಡಿಸಿದ್ದು, 35 ಅಡಿ, ಫಲ್ಗುಣಿ ಹೊಳೆಯ ದಡದಲ್ಲಿ. ಅದೂ ಚಂದವೇ. ದಾರಿಯೂ ಶಾಂತ ಉಂಟು. ಘಾಟಿ ಅದೇ ದಿನ ಹತ್ತುವ ವಿಷಯ ನಾನು ಹೇಳುವವನಲ್ಲ.

ಕಾರ್ಕಳದ ಕಲ್ಲು:
ನಾನು ಹೇಳ್ತೇನೆ. ಬೇಡ ಮಾರಾಯ್ರೇ. ನಮ್ಮ ಮನೆ ಇಲ್ಲೇ ಇರುವುದು, ಮಾಳ ದಾರಿ ಕಾಣದ ವಾರ ಇಲ್ಲ. ಮಧ್ಯಾಹ್ನ ಎರಡು ಗಂಟೆಗೆ ಮಾಳ ಗೇಟಿಗೆ ಬಂದ್ರೆ ನಿಮ್ಮ ಕಾಲು ಮುಗಿದಿರ್ತದೆ, ಮುಂದೆ ಇಡೀ ಘಾಟಿ, ಆಮೇಲೆ ಕಾಡಿನ ಒಳಗೆ ಏರಿಳಿತ, ಆಮೇಲೆ ಕೆರೆಕಟ್ಟೆ ಕಡೆ ಇಳಿಯುವಾಗ ಕತ್ತಲೆ. ಆ ಕಾಡಲ್ಲಿ ಸಂಜೆ ಬೇಗ ಆಗ್ತದೆ, ಮರದಡಿ ಐದು ಗಂಟೆಗೇ ಮಬ್ಬು. ಕಾಟಿ (ಕಾಡುಕೋಣ) ರಸ್ತೆ ದಾಟುವುದು ಆ ಹೊತ್ತಿಗೇ, ಆನೆ ಓಡಾಟವೂ ಉಂಟು. ಮೋಟಾರ್ ಬೈಕಿನವನಿಗಾದ್ರೆ ಸದ್ದುಂಟು, ಲೈಟುಂಟು. ಸೈಕಲ್ ಸದ್ದಿಲ್ಲದೆ ತಿರುವಿನಿಂದ ಎದುರಿಗೆ ಬಂದು ನಿಲ್ತದೆ, ಪ್ರಾಣಿಗೂ ಗಾಬರಿ, ನಿಮಗೂ ಗಾಬರಿ. ರೆಕಾರ್ಡ್ ಮಾಡ್ಲಿಕ್ಕೆ ಬೇರೆ ರಸ್ತೆ ಬೇಕಾದಷ್ಟುಂಟು, ಇದನ್ನು ಬಿಟ್ಟುಬಿಡಿ.

ಗೇಟಿನ ವಿಷಯ ಕೇಳಿದ್ದೀರಿ. ವಾಹನದವರಿಗೆ ಟೈಮ್ ಬರೆದು ಚೀಟಿ ಕೊಡ್ತಾರೆ, ಆಚೆ ಗೇಟಲ್ಲಿ ತೋರಿಸ್ಬೇಕು. ಕಾಡಿನ ಮಧ್ಯೆ ನಿಲ್ಲಿಸಿ ಪಾರ್ಟಿ ಮಾಡುವವರು, ಬಾಟ್ಲಿ ಎಸೆಯುವವರು ಜಾಸ್ತಿ ಆದ ಮೇಲೆ ಬಂದ ಕ್ರಮ ಅದು, ಸರಿಯಾದ ಕ್ರಮವೇ. ಆದ್ರೆ ಕಾರಿನ ಟೈಮಲ್ಲಿ ಸೈಕಲ್ ಘಾಟಿ ಹತ್ತುದಿಲ್ಲ. ಆದ ಕಾರಣ ಸುಮ್ನೆ ಗೇಟಲ್ಲಿ ಹೋಗಿ ನಿಲ್ಲಬೇಡಿ. ಕುದುರೆಮುಖ ವನ್ಯಜೀವಿ ವಿಭಾಗದ ಆಫೀಸು ಕಾರ್ಕಳದಲ್ಲೇ ಇರುವುದು, ಮೊದಲ ದಿನ ಮಧ್ಯಾಹ್ನ ಮುಟ್ಟಿದ್ರೆ ಅಲ್ಲಿಗೆ ಹೋಗಿ ಎಷ್ಟು ಜನ, ಎಷ್ಟು ಹೊತ್ತಿಗೆ ಒಳಗೆ, ಎಲ್ಲಿಂದ ಹೊರಗೆ ಅಂತ ಬರೆದು ಕೊಟ್ಟು ಒಪ್ಪಿಗೆ ಕೇಳಿ. ಹೊರಡುವ ವಾರ ಮುಂಚೆ ಫೋನ್ ಮಾಡಿಯೂ ಕೇಳಿ, ಮಳೆಗಾಲದ ಮಣ್ಣು ಕುಸಿತ, ಬೇಸಿಗೆಯ ಬೆಂಕಿ, ಇದರ ಮೇಲೆ ಕ್ರಮ ಬದಲಾಗ್ತಾ ಇರ್ತದೆ. ಮೊದಲ ದಿನ ಕಾರ್ಕಳ ಇಟ್ಕೊಳ್ಳಿ ಅನ್ನೋದಕ್ಕೆ ಇದು ಮೂರನೇ ಕಾರಣ.

ಉಪ್ಪಳ ಬಿರುಸು:
ಆಯ್ತು ಅಣ್ಣ, ಒಪ್ಪಿದೆ. ಕಾಟಿ ವಿಷಯ ಕೇಳಿದ ಮೇಲೆ ನಂದೂ ಮೂರು ದಿನವೇ.

ಗಾಲಿ ರಿಪೇರಿ:
ಕುಂಬ್ಳೆಯವರೇ, ನಿಮ್ಮ 11-25 ಕ್ಯಾಸೆಟ್ (ಹಿಂದಿನ ಹಲ್ಲುಚಕ್ರದ ಸೆಟ್) ನೋಡಿ ಬರೀತಾ ಇದ್ದೇನೆ. ಲೆಕ್ಕ ಹೇಳ್ತೇನೆ. ಮುಂದೆ 34, ಹಿಂದೆ 25 ಹಾಕಿದ್ರೆ ಒಂದು ಸುತ್ತು ಪೆಡಲಿಗೆ ಸೈಕಲ್ ಹತ್ತಿರ ಹತ್ತಿರ 2.85 ಮೀಟರ್ ಮುಂದೆ ಹೋಗ್ತದೆ. ನಿಮಿಷಕ್ಕೆ 70 ಸುತ್ತು ತುಳಿಬೇಕು ಅಂದ್ರೆ ಗಂಟೆಗೆ 12 ಕಿಮೀ ಸ್ಪೀಡಲ್ಲಿ ಹೋಗ್ಬೇಕು. ಘಾಟಿಯ ಕಡಿದು ಜಾಗದಲ್ಲಿ 12 ಹಿಡಿಯುವುದು ಚೆನ್ನಾಗಿ ತಯಾರಾದವರಿಗೆ ಮಾತ್ರ. ಉಳಿದವರದ್ದು ಎಂಟು ಒಂಬತ್ತಕ್ಕೆ ಇಳಿತದೆ, ಆಗ ನೀವು ಐವತ್ತು ಸುತ್ತಲ್ಲಿ ಇಡೀ ಮೈಭಾರ ಹಾಕಿ ತುಳಿತೀರಿ, ಮೊಣಗಂಟು ಹೋಗುವುದು ಅಲ್ಲೇ. ಅದೇ ಹಿಂದೆ 32 ಇದ್ರೆ ಒಂದು ಸುತ್ತಿಗೆ 2.2 ಮೀಟರ್, 70 ಸುತ್ತಲ್ಲಿ ಒಂಬತ್ತು ಚಿಲ್ಲರೆ ಕಿಮೀ ಸ್ಪೀಡಲ್ಲಿ ಕೂತೇ ಹತ್ತಬಹುದು. ಆದ್ರೆ ಬರೇ ಕ್ಯಾಸೆಟ್ ಬದಲಿಸಿದ್ರೆ ಆಗ್ಲಿಕ್ಕಿಲ್ಲ, ಹಿಂದಿನ ಡಿರೇಲರ್ (ಚೈನನ್ನು ಹಲ್ಲಿಂದ ಹಲ್ಲಿಗೆ ಸರಿಸುವ ಭಾಗ) ಶಾರ್ಟ್ ಕೇಜ್, ಅಂದ್ರೆ ಗಿಡ್ಡ ತೋಳಿನದ್ದು ಆದ್ರೆ 32 ಹಲ್ಲು ಹಿಡಿಯುದಿಲ್ಲ, ಉದ್ದ ಕೇಜ್ ಹಾಕ್ಬೇಕು, ಚೈನಿಗೂ ನಾಲ್ಕು ಕೊಂಡಿ ಜಾಸ್ತಿ ಬೇಕಾಗ್ತದೆ. ಒಟ್ಟಿಗೇ ಮಾಡಿಸಿ, ಮಾಡಿಸಿದ ಮೇಲೆ ಎರಡು ವಾರ ಓಡಿಸಿ ಹೊರಡಿ. ಹಿಂದಿನ ದಿನ ಹೊಸ ಸಾಮಾನು ಹಾಕಿ ಘಾಟಿಗೆ ಹೋಗ್ಬೇಡಿ.

ಟೈರ್ 28 ಹಿಡಿತದಾ ನೋಡಿ, ಫ್ರೇಮಿಗೂ ಬ್ರೇಕಿಗೂ ಮುಟ್ಟದಿದ್ರೆ 28ನೇ ಹಾಕಿ. ಗಾಳಿ ಸ್ವಲ್ಪ ಕಮ್ಮಿ ಇಡಬಹುದು, ಹಿಡಿತ ಜಾಸ್ತಿ.

ಕುಂಬ್ಳೆ ಸವಾರ:
ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ತುಂಬ ಉಪಕಾರ. ನನ್ನದು ಶಾರ್ಟ್ ಕೇಜೇ. ನಾಳೆಯೇ ಕೇಳ್ತೇನೆ. ಹಾಗಾದ್ರೆ ದಿಕ್ಕು ಯಾವ್ದು? ಒಬ್ಬ ಸ್ನೇಹಿತ ಆಗುಂಬೆ ಹತ್ತಿ ಮಾಳ ಇಳಿ ಅಂತಾನೆ, ರಿಮ್ ಬ್ರೇಕಿಗೆ ಆಗುಂಬೆ ಇಳಿಯುವುದು ಅಪಾಯ ಅಂತ.

ಬಾಯಾರು ಪೆಡಲ್:
ಅವರ ಮಾತಲ್ಲಿ ಹುರುಳುಂಟು. ಆಗುಂಬೆಯದ್ದು 14 ತಿರುವು, ಗಿಡ್ಡ ಘಾಟಿ, ಆದ್ರೆ ತಿರುವು ಒಂದೊಂದೂ ಮಡಚಿದ ಹಾಗೆ. ಮಾಳದ್ದು ಉದ್ದ, ಏಕಪ್ರಕಾರ, ತಿರುವು ಹರಡಿಕೊಂಡಿದೆ. ಬರೇ ಬ್ರೇಕ್ ಮಾತ್ರ ನೋಡಿದ್ರೆ ಮಾಳ ಇಳಿಯುವುದು ಸುಲಭ. ಆದ್ರೆ ನಾನು ಹಾಗೂ ಮಾಳ ಹತ್ತಿ ಅಂತಲೇ ಹೇಳುದು, ಯಾಕಂದ್ರೆ ಕಾಡಿನ ಭಾಗ ಬೆಳಿಗ್ಗೆ ಮುಗಿಬೇಕು. ಆಗುಂಬೆಯಿಂದ ಹೋದ್ರೆ ಶೃಂಗೇರಿ ಕಳೆದು ಕಾಡಿಗೆ ಬರುವಾಗ ಹೊತ್ತಾಗ್ತದೆ. ಇನ್ನೊಂದು, ಏಕಪ್ರಕಾರದ ಏರು ಸೈಕಲಿಗೆ ಒಳ್ಳೆದು, ಒಂದು ಗೇರು ಹಿಡಿದು ಪಕ್ಕದವನ ಹತ್ರ ಮಾತಾಡ್ಲಿಕ್ಕೆ ಆಗುವಷ್ಟು ಉಸಿರು ಇಟ್ಕೊಂಡು ಹತ್ತಿದ್ರೆ ಹತ್ತಿದ್ದೇ ಗೊತ್ತಾಗುದಿಲ್ಲ. ಮಾತು ನಿಂತ್ರೆ ನಿಧಾನ ಮಾಡಿ, ಅಷ್ಟೇ.

ಗಾಲಿ ರಿಪೇರಿ:
ಆಗುಂಬೆ ರಿಮ್ ಬ್ರೇಕಲ್ಲಿ ಇಳಿಬಹುದು, ಇಳಿಯುವ ಕ್ರಮ ಗೊತ್ತಿರ್ಬೇಕು. ಬ್ರೇಕನ್ನು ಇಡೀ ಘಾಟಿ ಸ್ವಲ್ಪ ಸ್ವಲ್ಪ ಹಿಡ್ಕೊಂಡೇ ಬಂದ್ರೆ ರಿಮ್ ಕಾದು ಟ್ಯೂಬ್ ಒಡಿತದೆ. ತಿರುವಿಗೆ ಮೊದಲು ಎರಡೂ ಬ್ರೇಕ್ ಗಟ್ಟಿ ಹಿಡಿದು ಸ್ಪೀಡ್ ಪೂರ್ತಿ ಇಳಿಸಿ, ತಿರುವಿನ ಒಳಗೆ ಬ್ರೇಕ್ ಬಿಡಿ, ದಾಟಿದ ಮೇಲೆ ರಿಮ್ಮಿಗೆ ಗಾಳಿ ತಾಗಲಿ, ಮತ್ತೆ ಮುಂದಿನ ತಿರುವಿಗೆ ಹಿಡೀರಿ. ಕೈ ಡ್ರಾಪಿಗೆ (ಹ್ಯಾಂಡಲಿನ ಕೆಳಗಿನ ಬಾಗಿಗೆ) ಹೋಗ್ಲಿ, ಮೇಲಿಂದ ಹಿಡಿದ್ರೆ ಲಿವರಿಗೆ ಬಲ ಸಿಗುದಿಲ್ಲ. ನಡುವಲ್ಲಿ ಎರಡು ಕಡೆ ನಿಂತು ರಿಮ್ಮಿನ ಹತ್ರ ಕೈ ಹಿಡಿದು ನೋಡಿ, ಮುಟ್ಟಬೇಡಿ, ಬಿಸಿ ಹತ್ತಿರ ಹೋದ ಕೂಡ್ಲೆ ಗೊತ್ತಾಗ್ತದೆ. ಪ್ಯಾಡಲ್ಲಿ ಅಲ್ಯೂಮಿನಿಯಂ ಚೂರು ಹೊಕ್ಕಿರ್ತದೆ, ಅದನ್ನು ಹೊರಡುವ ಮೊದಲು ಪಿನ್ನಲ್ಲಿ ತೆಗೀರಿ. ಕಾರ್ಬನ್ ರಿಮ್ ಇದ್ದವರು ಈ ಘಾಟಿಗೆ ತರಬೇಡಿ.

ಕಾರ್ಕಳದ ಕಲ್ಲು:
ಆಗುಂಬೆ ಬೆಳಿಗ್ಗೆಯೇ ಇಳೀರಿ. ಸಂಜೆ ಸೂರ್ಯಾಸ್ತ ನೋಡುವವರ ಕಾರು ಘಾಟಿ ತುಂಬ ನಿಂತಿರ್ತದೆ. ರಸ್ತೆ ಬದಿಗೆ ಹೋಗ್ಬೇಡಿ, ಮಳೆ ಬಿಟ್ಟು ತಿಂಗಳಾದ್ರೂ ನೆರಳಿನ ಕಡೆ ಹಸಿರು ಪಾಚಿ ಇರ್ತದೆ, ಟೈರ್ ಇಟ್ಟ ಕೂಡ್ಲೆ ಜಾರ್ತದೆ. ಆಗುಂಬೆ ಮಳೆ ಅಂದ್ರೆ ತಮಾಷೆ ಅಲ್ಲ, 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರ್ ಬಿದ್ದ ಊರು. ಜೂನಿಂದ ಸೆಪ್ಟೆಂಬರ್ ತನಕ ರೋಡ್ ಬೈಕ್ ಈ ಕಡೆ ತರುವ ಆಲೋಚನೆಯೇ ಬೇಡ.

ಮುಳ್ಳೇರಿಯ ಮಳೆ:
ಕಾಡಿನ ಒಳಗಿನ ರಸ್ತೆ ಬಗ್ಗೆ ಯಾರೂ ಬರೀಲಿಲ್ಲ, ನಂಗೆ ಇಷ್ಟ ಅದೇ. ಘಾಟಿ ಹತ್ತುವಾಗ ಎರಡೂ ಬದಿ ದಟ್ಟ ಕಾಡು, ಆಕಾಶ ಕಾಣುದಿಲ್ಲ, ಜೀರುಂಡೆ ಸದ್ದು ಕಿವಿ ತುಂಬ. ಎಸ್.ಕೆ. ಬಾರ್ಡರ್ ಮುಟ್ಟಿದ್ರೆ ಗಾಳಿಯೇ ಬೇರೆ, ಬೆವರಿದ ಮೈಗೆ ಚಳಿ ಹಿಡಿತದೆ, ಒಂದು ತೆಳು ಜಾಕೆಟ್ ಜೇಬಲ್ಲಿರಲಿ. ಅಲ್ಲಿ ರಸ್ತೆ ಎರಡಾಗ್ತದೆ, ಎಡಕ್ಕೆ ಕೆರೆಕಟ್ಟೆ ಶೃಂಗೇರಿ, ಬಲಕ್ಕೆ ಕುದುರೆಮುಖ ಕಳಸ. ಕಾಲಲ್ಲಿ ಶಕ್ತಿ ಇದ್ರೆ, ಗೇಟಲ್ಲಿ ಮೊದಲೇ ಹೇಳಿ ಒಪ್ಪಿಗೆ ತಗೊಂಡಿದ್ರೆ, ಬಲಕ್ಕೆ ತಿರುಗಿ ಕದಂಬಿ ಜಲಪಾತದ ತನಕ ಹೋಗಿ ಬನ್ನಿ. ರಸ್ತೆ ಪಕ್ಕದಲ್ಲೇ ಬೀಳ್ತದೆ, ಇಳಿಲಿಕ್ಕೆ ಹೋಗ್ಬೇಡಿ. ಆ ಕಡೆ ಹೋದ್ರೆ ಕಾಡು ಸರಿದು ಹುಲ್ಲಿನ ಗುಡ್ಡ ಬರ್ತದೆ, ಸೀಳಿನಲ್ಲಿ ಮಾತ್ರ ಶೋಲಾ ಕಾಡು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಈ ಗುಡ್ಡಗಳಲ್ಲೇ. ನಾವು ಬಿ.ಸಿ. ರೋಡಲ್ಲಿ ದಾಟುವ ಹೊಳೆ ಅದೇ ನೇತ್ರಾವತಿ.

ಸಿಂಗಳೀಕ ಕಂಡ್ರೆ ನಿಲ್ಲಿ, ನೋಡಿ, ಆದ್ರೆ ಬಾಳೆಹಣ್ಣು ಕೊಡ್ಬೇಡಿ. ತಿನ್ಲಿಕ್ಕೆ ಸಿಕ್ಕಿದ್ರೆ ಅವು ಮರದಿಂದ ರಸ್ತೆಗೆ ಇಳಿದು ಕೂತ್ಕೊಳ್ತವೆ, ಗಾಡಿ ಅಡಿಗೆ ಬೀಳ್ತವೆ. ಜೆಲ್ ಪ್ಯಾಕೆಟ್, ಚಿಕ್ಕಿ ಕವರ್ ಎಲ್ಲ ಜೇಬಲ್ಲೇ ವಾಪಸ್ ಬರಲಿ.

ಮಂಜೇಶ್ವರ ಮಾಸ್ಟ್ರು:
ಅಕ್ಕ ಬರೆದದ್ದು ಓದಿ ನೆನಪಾಯ್ತು. ಆ ಬಾರ್ಡರ್ ಹಳೇ ದಕ್ಷಿಣ ಕನ್ನಡ ಜಿಲ್ಲೆಯ ಗಡಿ. 1956ರ ನವೆಂಬರ್ ತನಕ ನಮ್ಮ ಕಾಸರಗೋಡೂ ಅದೇ ಜಿಲ್ಲೆಯಲ್ಲಿ ಇದ್ದದ್ದು. ಅಂದ್ರೆ ನಮ್ಮ ಅಜ್ಜಂದಿರ ಜಿಲ್ಲೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೀವು ತುಳಿದು ದಾಟ್ತೀರಿ. ಕಾಡಿನ ಕಥೆಯೂ ಗೊತ್ತಿರಲಿ, 1987ರಲ್ಲಿ ರಾಷ್ಟ್ರೀಯ ಉದ್ಯಾನ ಆಯ್ತು, 600 ಚದರ ಕಿಮೀ. ಆದ್ರೂ ಅದ್ರ ಮಧ್ಯೆ ಕಬ್ಬಿಣದ ಅದಿರಿನ ಗಣಿ ನಡೀತಾ ಇತ್ತು, ಅದಿರಿನ ಕೆಸರು ಪೈಪಲ್ಲಿ ಪಣಂಬೂರಿಗೆ ಬರ್ತಿತ್ತು. ಜನ ಹೋರಾಡಿದ್ರು, ಸುಪ್ರೀಂ ಕೋರ್ಟ್ 2002ರಲ್ಲಿ ನಿಲ್ಲಿಸಿ ಅಂತು, 2005ರ ಕೊನೆಗೆ ಗಣಿ ನಿಂತಿತು. ನೀವು ಆ ರಸ್ತೆಯಲ್ಲಿ ಹಕ್ಕಿ ಸದ್ದು ಕೇಳ್ತಾ ಹೋಗ್ಲಿಕ್ಕೆ ಆಗುವುದು ಆ ಹೋರಾಟದಿಂದ.

ಬಾಯಾರು ಪೆಡಲ್:
ಕೆಲಸದ ವಿಷಯ ಎರಡು. ಬಜಗೋಳಿ ಬಿಟ್ರೆ ಹೊಟ್ಟೆಗೆ ಸಿಗುವುದು ಅಪರೂಪ, ಕಾಡಿನ ಒಳಗೆ ಅಂಗಡಿ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಎರಡು ಬಾಟ್ಲಿ ನೀರು, ಅದ್ರಲ್ಲಿ ಒಂದಕ್ಕೆ ಓಆರ್‌ಎಸ್, ಬಾಳೆಹಣ್ಣು, ಬಜಗೋಳಿಯಲ್ಲಿ ಕಟ್ಟಿಸಿದ ಬನ್ಸ್. ಟ್ಯೂಬ್ ಒಬ್ಬೊಬ್ಬರಿಗೆ ಎರಡು, ಪಂಪ್ ಒಂದು ಗುಂಪಿಗೆ ಸಾಕು ಅಂತ ಯೋಚನೆ ಮಾಡ್ಬೇಡಿ, ಗುಂಪು ಹರಡ್ತದೆ. ಒಬ್ಬನೇ ಹೋಗುವವರಿದ್ರೆ ಈ ರೂಟ್ ಬೇಡ. ಶೃಂಗೇರಿಯಲ್ಲಿ ಮಠದ ಯಾತ್ರಿನಿವಾಸ ಉಂಟು, ಮಠದಲ್ಲೇ ಊಟ. ಸೈಕಲ್ ಎಲ್ಲಿಡುದು ಅಂತ ರೂಮ್ ಮಾಡುವಾಗಲೇ ಕೇಳಿ.

ಮಂಜೇಶ್ವರ ಮಾಸ್ಟ್ರು:
ಶೃಂಗೇರಿಯಲ್ಲಿ ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ರಾಶಿಕಂಬ ನೋಡದೆ ಮಲಗಬೇಡಿ. ವರಂಗದ ಕೆರೆಬಸದಿಗೆ ದೋಣಿಯಲ್ಲೇ ಹೋಗಬೇಕು, ಮೂರನೇ ದಿನಕ್ಕೆ ಒಂದು ಗಂಟೆ ಅದಕ್ಕೆ ಇಟ್ಕೊಳ್ಳಿ.

ಉಪ್ಪಳ ಬಿರುಸು:
ಮೂರನೇ ದಿನ ಶೃಂಗೇರಿಯಿಂದ ಆಗುಂಬೆ, ಹೆಬ್ರಿ, ಕಾರ್ಕಳ, ಅಲ್ಲಿಂದ ಊರು ಅಂದ್ರೆ ತುಂಬ ಉದ್ದ ಆಗುದಿಲ್ವಾ? ಇನ್ನೂರರ ಹತ್ರ ಹೋಗ್ತದೆ.

ಬಾಯಾರು ಪೆಡಲ್:
ಹೋಗ್ತದೆ. ಕಾಲಿದ್ದವರು ತುಳೀರಿ. ಇಲ್ಲದವರು ಕಾರ್ಕಳದಿಂದ ನಿಧಾನಕ್ಕೆ ಮಂಗಳೂರು ಸೆಂಟ್ರಲ್‌ಗೆ ಬಂದು ಸೈಕಲನ್ನು ಲಗೇಜಿಗೆ ಬುಕ್ ಮಾಡಿ ರೈಲಲ್ಲಿ ಬನ್ನಿ. ಯಾವ ರೈಲಿಗೆ ಲಗೇಜ್ ವ್ಯಾನ್ ಉಂಟು, ಕುಂಬ್ಳೆಯಲ್ಲಿ ಇಳಿಸ್ಲಿಕ್ಕೆ ಆಗ್ತದಾ ಕಾಸರಗೋಡಿಗೆ ಹೋಗ್ಬೇಕಾ, ಪಾರ್ಸೆಲ್ ಆಫೀಸಲ್ಲಿ ಮೊದಲೇ ಕೇಳಿ. ಸುಸ್ತಾದ ಕಾಲಲ್ಲಿ ಕತ್ತಲೆಗೆ ತೊಕ್ಕೊಟ್ಟು ತಲಪಾಡಿ ಹೆದ್ದಾರಿ ಮಾತ್ರ ಬೇಡ.

ಕುಂಬ್ಳೆ ಸವಾರ:
ಎಲ್ಲರೂ ಹೇಳಿದ್ದು ಸೇರಿಸಿ ಹೀಗೆ ಮಾಡಿದೆ. ನವೆಂಬರ್ ಕೊನೆಯ ಶುಕ್ರವಾರ ಬೆಳಿಗ್ಗೆ ಐದಕ್ಕೆ ಹೊಸಂಗಡಿ, ಮುಡಿಪು ಮೆಲ್ಕಾರ್ ದಾರಿ, ಮೂಡುಬಿದಿರೆ ಬಸದಿ, ಮಧ್ಯಾಹ್ನ ಕಾರ್ಕಳ, ಅಲ್ಲಿ ಆಫೀಸಿಗೆ ಹೋಗಿ ಕೇಳುದು, ಸಂಜೆ ಗೊಮ್ಮಟ. ಶನಿವಾರ ಬೆಳಕಾಗುವಾಗ ಮಾಳ ಗೇಟು, ಒಪ್ಪಿಗೆ ಸಿಕ್ಕಿದ್ರೆ ಕದಂಬಿ, ಮೂರು ಗಂಟೆ ಒಳಗೆ ಕಾಡಿಂದ ಹೊರಗೆ, ಶೃಂಗೇರಿ. ಆದಿತ್ಯವಾರ ಬೆಳಿಗ್ಗೆ ಆಗುಂಬೆ, ವರಂಗ, ಕಾರ್ಕಳ, ಮಂಗಳೂರಿಂದ ರೈಲು. 32ರ ಕ್ಯಾಸೆಟ್, ಉದ್ದ ಕೇಜ್ ಆರ್ಡರ್ ಮಾಡಿದೆ. ನಾಲ್ಕು ಜನ ಆದ್ರೆ ಸಾಕು, ಆರಕ್ಕಿಂತ ಜಾಸ್ತಿ ಬೇಡ, ಗೇಟಿನವರಿಗೂ ಕಷ್ಟ.

ಉಪ್ಪಳ ಬಿರುಸು:
ನನ್ನ ಹೆಸರು ಬರ್ಕೊಳ್ಳಿ.

ಮುಳ್ಳೇರಿಯ ಮಳೆ:
ನಾನೂ ಬರ್ತೇನೆ, ನನ್ನ ತಂಗಿಯೂ. ಹಿಂದಿನ ದಿನ ರಾತ್ರಿ ಮಂಜೇಶ್ವರದಲ್ಲಿ ನೆಂಟರ ಮನೆಯಲ್ಲಿ ಇರ್ತೇವೆ, ಅಲ್ಲಿಂದ ಹೊಸಂಗಡಿಗೆ ಐದಕ್ಕೆ ಬರ್ಲಿಕ್ಕೆ ತೊಂದ್ರೆ ಇಲ್ಲ.

ಗಾಲಿ ರಿಪೇರಿ:
ನನಗೆ ಅಂಗಡಿ ಬಿಟ್ಟು ಬರ್ಲಿಕ್ಕಾಗುದಿಲ್ಲ. ಹಿಂದಿನ ವಾರ ನಾಲ್ಕೂ ಸೈಕಲ್ ತಂದು ಕೊಡಿ, ಬ್ರೇಕ್ ಕೇಬಲ್, ಹೆಡ್‌ಸೆಟ್, ಸ್ಪೋಕ್ ನೋಡಿ ಕೊಡ್ತೇನೆ. ದುಡ್ಡು ಬೇಡ, ಬರೇ ಸಾಮಾನಿನದ್ದು ಕೊಟ್ರೆ ಆಯ್ತು.

ಕಾರ್ಕಳದ ಕಲ್ಲು:
ಶುಕ್ರವಾರ ಆಫೀಸಿಗೆ ಹೋಗುವುದಾದ್ರೆ ನಾಲ್ಕು ಗಂಟೆ ಒಳಗೆ ಮುಟ್ಟಿ. ಎಲ್ಲರ ಆಧಾರ್ ಝೆರಾಕ್ಸ್ ಎರಡೆರಡು ಇರಲಿ, ಒಂದು ಅಲ್ಲಿಗೆ, ಒಂದು ಗೇಟಿಗೆ. ಉಳಿಲಿಕ್ಕೆ ಜಾಗ ಸಿಗದಿದ್ರೆ ಮೆಸೇಜ್ ಹಾಕಿ, ನಮ್ಮ ಮನೆ ಚಾವಡಿ ದೊಡ್ಡದುಂಟು.